ಫುಟ್‌ಪಾತ್ ಬೇರೆ, ಫುಟ್‌ವೇ ಬೇರೆ: ಇಂಗ್ಲೆಂಡಿನಲ್ಲಿ ಸೈಕಲ್ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ರಸ್ತೆಯ ಅಂಚಿನಲ್ಲಿ, ವಾಹನಗಳು ಓಡಾಡುವ ಭಾಗಕ್ಕಿಂತ ಅರ್ಧ ಗೇಣು ಎತ್ತರಕ್ಕೆ ಚಪ್ಪಡಿ ಹಾಸಿ, ನಡೆಯುವವರಿಗೆಂದು ಬಿಟ್ಟ ಜಾಗವನ್ನು ನಾವು ಫುಟ್‌ಪಾತ್ ಎನ್ನುತ್ತೇವೆ. ಕನ್ನಡದಲ್ಲಿ ಈ ಪದ ಎಷ್ಟು ಒಗ್ಗಿಹೋಗಿದೆಯೆಂದರೆ ಅದಕ್ಕೆ ಇನ್ನೊಂದು ಅರ್ಥ ಇರಬಹುದೆಂಬ ಅನುಮಾನವೂ ನಮಗೆ ಬರುವುದಿಲ್ಲ. ಆದರೆ ಇಂಗ್ಲೆಂಡಿನ ಜನರ ಬಾಯಲ್ಲಿ ಆ ಜಾಗ ಪೇವ್‌ಮೆಂಟ್. ಅಲ್ಲಿನ ಇಂದಿನ ಕಾನೂನಿನ ಭಾಷೆಯಲ್ಲಿ ಫುಟ್‌ವೇ. ಫುಟ್‌ಪಾತ್ ಎಂಬ ಪದವನ್ನು 1980ರ ಹೈವೇ ಕಾಯ್ದೆ ಬೇರೊಂದಕ್ಕೆ ಮೀಸಲಿಟ್ಟಿದೆ. ಹೊಲಗಳ ಬದುವಿನಲ್ಲಿ, ಕಾಡಿನ ಅಂಚಿನಲ್ಲಿ, ಸಾಲುಮನೆಗಳ ಹಿತ್ತಿಲ ಸಂದಿಯಲ್ಲಿ, ಪಕ್ಕದಲ್ಲಿ ವಾಹನದ ರಸ್ತೆ ಇಲ್ಲದೆ ಸಾಗುವ, ಸಾರ್ವಜನಿಕರಿಗೆ ನಡೆದು ಹೋಗುವ ಹಕ್ಕು ಮಾತ್ರ ಇರುವ ದಾರಿಯೇ ಆ ಕಾಯ್ದೆಯ ಫುಟ್‌ಪಾತ್. ನಮ್ಮ ಮಾತಿನಲ್ಲಿ ಅದು ಕಾಲುದಾರಿ.

ಹೈವೇ ಎಂಬ ಪದದಲ್ಲೂ ಇಂಥದೇ ತೊಡಕಿದೆ. ನಮಗೆ ಹೈವೇ ಎಂದರೆ ಲಾರಿಗಳು ಓಡುವ ರಾಷ್ಟ್ರೀಯ ಹೆದ್ದಾರಿ. ಇಂಗ್ಲೆಂಡಿನ ಕಾನೂನಿಗೆ, ಸಾರ್ವಜನಿಕರಿಗೆ ಹಾದುಹೋಗುವ ಹಕ್ಕಿರುವ ಯಾವುದೇ ದಾರಿ, ಕುರಿಗಳು ಮೇಯುವ ಗುಡ್ಡದ ಮೇಲಿನ ಮೊಳದಗಲದ ಹಾದಿಯೂ ಸೇರಿ, ಹೈವೇಯೇ. ಈ ಹೆಸರುಗಳನ್ನು ಮೊದಲು ಬಿಡಿಸಿಕೊಳ್ಳದೆ, ಇಂಗ್ಲೆಂಡಿನಲ್ಲಿ ಪಾದಚಾರಿಗಳ ದಾರಿಯ ಮೇಲೆ ಸೈಕಲ್ ತುಳಿಯಬಹುದೇ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದಿಲ್ಲ. ಏಕೆಂದರೆ ರಸ್ತೆಬದಿಯ ಫುಟ್‌ವೇ ಮೇಲೆ ಸೈಕಲ್ ತುಳಿಯುವುದು ಅಪರಾಧ. ಕಾಲುದಾರಿಯ ಮೇಲೆ ತುಳಿಯುವುದು ಸಾಮಾನ್ಯವಾಗಿ ಅಪರಾಧವಲ್ಲ, ಆದರೆ ಅದಕ್ಕೆ ಹಕ್ಕೂ ಇಲ್ಲ. ಈ ಎರಡನ್ನು ಒಂದೇ ಎಂದುಕೊಂಡವರು ಅಲ್ಲಿನವರಲ್ಲೂ ಬಹಳ ಮಂದಿ ಇದ್ದಾರೆ.

ಮೊದಲು ಫುಟ್‌ವೇ ವಿಚಾರವನ್ನು ನೋಡೋಣ. ಇಂದಿಗೂ ಇದನ್ನು ಆಳುತ್ತಿರುವುದು 1835ರ ಹೈವೇ ಕಾಯ್ದೆಯ 72ನೇ ಸೆಕ್ಷನ್. ರಸ್ತೆಯ ಪಕ್ಕದಲ್ಲಿ ಪಾದಚಾರಿಗಳಿಗೆಂದು ಮಾಡಿದ ದಾರಿಯ ಮೇಲೆ ಉದ್ದೇಶಪೂರ್ವಕವಾಗಿ ಸವಾರಿ ಮಾಡುವುದನ್ನೂ, ಅದರ ಮೇಲೆ ಕುದುರೆ, ಕತ್ತೆ, ಹೇಸರಗತ್ತೆ, ಕುರಿ, ಹಂದಿ, ದನಗಳನ್ನಾಗಲಿ ಯಾವುದೇ ಬಗೆಯ ಬಂಡಿಯನ್ನಾಗಲಿ ಹೊಡೆದುಕೊಂಡು ಹೋಗುವುದನ್ನೂ ಅದು ನಿಷೇಧಿಸುತ್ತದೆ. ಅಂದಿನ ಗರಿಷ್ಠ ದಂಡ ನಲವತ್ತು ಶಿಲ್ಲಿಂಗ್. ಈ ಸಾಲುಗಳನ್ನು ಬರೆದ ಕಾಲಕ್ಕೆ ಪೆಡಲ್ ಇರುವ ಸೈಕಲ್ ಬಳಕೆಗೆ ಬಂದೇ ಇರಲಿಲ್ಲ. ಕಾಲಿನಿಂದ ನೆಲವನ್ನು ಒದ್ದುಕೊಂಡು ಸಾಗುವ ಎರಡು ಚಕ್ರದ ಮರದ ಯಂತ್ರವನ್ನು ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ 1817ರಲ್ಲಿ ತೋರಿಸಿದ್ದ ನಿಜ. ಪೆಡಲ್ ತುಳಿದು ಓಡಿಸುವ ಯಂತ್ರ ಜನರ ಕೈಗೆ ಸಿಕ್ಕಿದ್ದು 1860ರ ದಶಕದಲ್ಲಿ.

ಹಾಗಾದರೆ ಸೈಕಲ್ ಎಂಬುದು ಬಂಡಿಯೇ? ಈ ಪ್ರಶ್ನೆ 1879ರಲ್ಲಿ ನ್ಯಾಯಾಲಯದ ಮುಂದೆ ಬಂತು. ಟೇಲರ್ ವಿರುದ್ಧ ಗುಡ್‌ವಿನ್ ಎಂಬ ಆ ಮೊಕದ್ದಮೆಯಲ್ಲಿ ವಾದವಿದ್ದದ್ದು ಪಾದಚಾರಿ ದಾರಿಯ ಬಗ್ಗೆಯಲ್ಲ, ಅದೇ ಕಾಯ್ದೆಯ ಇನ್ನೊಂದು ಸೆಕ್ಷನ್ ಹೇಳುವ ಭರಾಟೆಯ ಓಡಾಟದ ಬಗ್ಗೆ. ಎದುರಿನವರಿಗೆ ಅಪಾಯವಾಗುವಷ್ಟು ವೇಗದಲ್ಲಿ ಬೈಸಿಕಲ್ ಓಡಿಸಿದವನು ಬಂಡಿ ಓಡಿಸಿದವನೇ ಎಂದು ನ್ಯಾಯಾಲಯ ತೀರ್ಮಾನಿಸಿತು. ಒಂಬತ್ತು ವರ್ಷಗಳ ನಂತರ ಸಂಸತ್ತು ಆ ಮಾತನ್ನು ಶಾಸನದಲ್ಲೇ ಬರೆಯಿತು: 1888ರ ಸ್ಥಳೀಯ ಆಡಳಿತ ಕಾಯ್ದೆಯ 85ನೇ ಸೆಕ್ಷನ್ ಬೈಸಿಕಲ್, ಟ್ರೈಸಿಕಲ್ ಮತ್ತು ಅಂಥ ಎಲ್ಲ ಯಂತ್ರಗಳನ್ನು ಹೈವೇ ಕಾಯ್ದೆಗಳ ಅರ್ಥದಲ್ಲಿ ಬಂಡಿಗಳೆಂದು ಘೋಷಿಸಿತು. ಸೈಕಲ್ ಸವಾರರ ದೃಷ್ಟಿಯಲ್ಲಿ ಈ ಘೋಷಣೆಗೆ ಎರಡು ಮುಖಗಳಿವೆ. ಬಂಡಿಯಾದ ಕಾರಣ ಸೈಕಲ್ಲಿಗೆ ಮುಖ್ಯ ರಸ್ತೆಯ ಮೇಲೆ ಪೂರ್ಣ ಹಕ್ಕು ದೊರೆಯಿತು, ಅದನ್ನು ಯಾರೂ ಉಪಕಾರವೆಂಬಂತೆ ಕೊಡಬೇಕಾಗಿಲ್ಲ. ಅದೇ ಕಾರಣಕ್ಕೆ ರಸ್ತೆಬದಿಯ ದಾರಿ ಅದಕ್ಕೆ ಮುಚ್ಚಿಹೋಯಿತು. ಇಂಗ್ಲೆಂಡಿನ ರಸ್ತೆ ನಿಯಮಗಳ ಕೈಪಿಡಿಯಾದ ಹೈವೇ ಕೋಡ್ ತನ್ನ 64ನೇ ನಿಯಮದಲ್ಲಿ ಇದನ್ನೇ ಒಂದು ಸಾಲಿನಲ್ಲಿ ಹೇಳುತ್ತದೆ: ಪೇವ್‌ಮೆಂಟ್ ಮೇಲೆ ಸೈಕಲ್ ತುಳಿಯಕೂಡದು.

ದಂಡದ ಲೆಕ್ಕ ಹೀಗಿದೆ. ನ್ಯಾಯಾಲಯಕ್ಕೆ ಹೋದರೆ ಗರಿಷ್ಠ 500 ಪೌಂಡ್. ಸ್ಥಳದಲ್ಲೇ ನೋಟಿಸ್ ಕೊಟ್ಟರೆ ಈಗ 50 ಪೌಂಡ್. ಈ ಸ್ಥಳದ ದಂಡ ಬಂದದ್ದು 1999ರಲ್ಲಿ. ಅದನ್ನು ಕಟ್ಟಿದರೆ ವಿಷಯ ಅಲ್ಲಿಗೇ ಮುಗಿಯುತ್ತದೆ, ಶಿಕ್ಷೆಗೊಳಗಾದ ದಾಖಲೆ ಆಗುವುದಿಲ್ಲ, ಡ್ರೈವಿಂಗ್ ಲೈಸೆನ್ಸಿನ ಮೇಲೆ ಪಾಯಿಂಟ್ ಬೀಳುವುದಿಲ್ಲ. ವೀಸಾದ ಮೇಲೆ ಇರುವವರು ಪೊಲೀಸ್ ಎಂಬ ಮಾತು ಕೇಳಿದೊಡನೆ ಗಾಬರಿಯಾಗುವುದು ಸಹಜವಾದ್ದರಿಂದ, ದಂಡದ ನೋಟಿಸಿಗೂ ನ್ಯಾಯಾಲಯದ ಶಿಕ್ಷೆಗೂ ಇರುವ ಈ ವ್ಯತ್ಯಾಸವನ್ನು ತಿಳಿದಿರುವುದು ಒಳ್ಳೆಯದು.

1999ರಲ್ಲಿ ಸ್ಥಳದ ದಂಡವನ್ನು ಜಾರಿಗೆ ತರುವಾಗಲೇ ಗೃಹ ಇಲಾಖೆಯ ಸಚಿವರಾಗಿದ್ದ ಪಾಲ್ ಬೋಟೆಂಗ್ ಒಂದು ಪತ್ರದಲ್ಲಿ ಅದರ ಉದ್ದೇಶವನ್ನು ವಿವರಿಸಿದರು. ವಾಹನ ಸಂಚಾರದ ಭಯದಿಂದ ಕೆಲವೊಮ್ಮೆ ಪೇವ್‌ಮೆಂಟ್ ಹತ್ತುವ, ಹತ್ತಿದಾಗ ಅಲ್ಲಿ ನಡೆಯುವವರ ಬಗ್ಗೆ ಕಾಳಜಿ ತೋರುವ ಜವಾಬ್ದಾರಿಯುತ ಸವಾರರನ್ನು ಹಿಡಿಯುವುದು ಇದರ ಗುರಿಯಲ್ಲ, ಮಕ್ಕಳ ವಿಷಯದಲ್ಲಿ ಪೊಲೀಸರು ವಿಶೇಷವಾಗಿ ವಿವೇಚನೆ ಬಳಸಬೇಕು ಎಂಬುದು ಅದರ ತಾತ್ಪರ್ಯ. 2014ರ ಜನವರಿಯಲ್ಲಿ ಸಾರಿಗೆ ಸಚಿವ ರಾಬರ್ಟ್ ಗುಡ್‌ವಿಲ್ ಅದೇ ಮಾತನ್ನು ಮತ್ತೆ ದೃಢಪಡಿಸಿದರು. ಈ ಪತ್ರಗಳಿಂದ ಪೇವ್‌ಮೆಂಟ್ ಸವಾರಿ ಕಾನೂನುಬದ್ಧವಾಯಿತೆಂದು ನಂಬುವವರಿದ್ದಾರೆ, ಅದು ತಪ್ಪು. ಸಚಿವರ ಪತ್ರ ಶಾಸನವನ್ನು ತಿದ್ದಲಾರದು. ಎದುರಿಗೆ ನಿಂತ ಅಧಿಕಾರಿಗೆ ಎಚ್ಚರಿಕೆ ಹೇಳಿ ಬಿಡುವ ಸ್ವಾತಂತ್ರ್ಯವನ್ನು ಅದು ನೆನಪಿಸುತ್ತದೆ, ಅಷ್ಟೇ. ಅಧಿಕಾರಿ ನೋಟಿಸ್ ಬರೆದರೆ ಆ ಪತ್ರವನ್ನು ತೋರಿಸಿ ವಿನಂತಿಸಬಹುದು. ಅದನ್ನೇ ಹಿಡಿದು ಅಪರಾಧ ನಡೆಯಲೇ ಇಲ್ಲವೆಂದು ವಾದಿಸಲಾಗದು.

ನನ್ನ ದೃಷ್ಟಿಯಲ್ಲಿ ಈ ವ್ಯವಸ್ಥೆಯ ನಿಜವಾದ ದೌರ್ಬಲ್ಯ ಇಲ್ಲಿದೆ. ಗಂಟೆಗೆ ನಲವತ್ತು ಮೈಲಿ ವೇಗದ ವಾಹನಗಳ ನಡುವೆ ಒಂದು ಗೆರೆಯ ರಕ್ಷಣೆಯೂ ಇಲ್ಲದೆ ಸಾಗಬೇಕಾದ ರಸ್ತೆಯನ್ನು ಕಟ್ಟಿದವರ ಹೊಣೆಯನ್ನು ಕೇಳದೆ, ಹೆದರಿ ಪಕ್ಕಕ್ಕೆ ಸರಿದ ಸವಾರನ ಹೊಣೆಯನ್ನು ಮಾತ್ರ ಕಾನೂನು ಕೇಳುತ್ತದೆ. ಆದರೂ ಈ ನಿಷೇಧವನ್ನು ತೆಗೆದುಹಾಕಬೇಕೆಂದು ನಾನು ಹೇಳಲಾರೆ. ಕಣ್ಣು ಕಾಣದವರಿಗೆ ಹಿಂದಿನಿಂದ ಬರುವ ಸೈಕಲ್ಲಿನ ಸದ್ದು ಕೇಳಿಸುವುದೇ ಇಲ್ಲ. ಊರುಗೋಲು ಹಿಡಿದ ಹಿರಿಯರಿಗೆ ತಾಗದೆ ಹಾದುಹೋದ ಸೈಕಲ್ ಕೂಡ ಬೀಳುವ ಭಯವನ್ನು ಬಿಟ್ಟುಹೋಗುತ್ತದೆ, ಆ ಭಯದಿಂದಲೇ ಕೆಲವರು ಮನೆಯಿಂದ ಹೊರಡುವುದನ್ನು ನಿಲ್ಲಿಸುತ್ತಾರೆ. ಸೈಕಲ್ ಸವಾರ ರಸ್ತೆಯಲ್ಲಿ ಕಾರಿಗೆ ಹೆದರುವಂತೆಯೇ ಅವರು ಸೈಕಲ್ಲಿಗೆ ಹೆದರುತ್ತಾರೆ. 2022ರ ಜನವರಿಯಲ್ಲಿ ಪರಿಷ್ಕೃತವಾದ ಹೈವೇ ಕೋಡ್, ಹೆಚ್ಚು ಹಾನಿ ಮಾಡಬಲ್ಲವರ ಮೇಲೆ ಹೆಚ್ಚು ಹೊಣೆ ಎಂಬ ಕ್ರಮವನ್ನು ಮೊದಲ ನಿಯಮವಾಗಿ ಇಟ್ಟಿರುವುದು ಈ ಕಾರಣಕ್ಕೆ ಸರಿಯಾಗಿದೆ: ಆ ಏಣಿಯಲ್ಲಿ ಕಾರಿನ ಕೆಳಗೆ ಸೈಕಲ್, ಸೈಕಲ್ಲಿನ ಕೆಳಗೆ ನಡೆಯುವವರು.

ಇನ್ನು ಕಾಲುದಾರಿಗೆ, ಅಂದರೆ ಕಾನೂನು ಹೇಳುವ ಫುಟ್‌ಪಾತಿಗೆ ಬರೋಣ. 72ನೇ ಸೆಕ್ಷನ್ ರಸ್ತೆಯ ಪಕ್ಕದ ದಾರಿಗೆ ಮಾತ್ರ ಅನ್ವಯಿಸುತ್ತದೆ. ಹೊಲದ ನಡುವಿನ ಕಾಲುದಾರಿಯ ಪಕ್ಕದಲ್ಲಿ ರಸ್ತೆ ಇಲ್ಲ. ಹಾಗಾಗಿ ಅಲ್ಲಿ ಸೈಕಲ್ ತುಳಿದವನು ಆ ಸೆಕ್ಷನ್ನಿನಡಿ ಅಪರಾಧಿಯಾಗುವುದಿಲ್ಲ. ಆದರೆ ಆ ದಾರಿ ಹಾದುಹೋಗುವ ನೆಲ ಸಾಮಾನ್ಯವಾಗಿ ಯಾರೋ ಒಬ್ಬರ ಖಾಸಗಿ ಆಸ್ತಿ. ಸಾರ್ವಜನಿಕರಿಗೆ ಅಲ್ಲಿರುವುದು ನಡೆಯುವ ಹಕ್ಕು ಮಾತ್ರ. ಅದನ್ನು ಮೀರಿ ಸವಾರಿ ಮಾಡಿದರೆ ಅದು ಮಾಲೀಕನ ವಿರುದ್ಧದ ಅತಿಕ್ರಮ ಪ್ರವೇಶವಾಗುತ್ತದೆ. ಅಂದರೆ ಸಿವಿಲ್ ತಕರಾರು. ಮಾಲೀಕ ಹಿಂದಿರುಗಿ ಹೋಗೆನ್ನಬಹುದು, ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ಪೊಲೀಸರು ಬಂದು ದಂಡ ಹಾಕುವ ವಿಷಯ ಅದಲ್ಲ. ಮಾಲೀಕನೇ ಅನುಮತಿ ಕೊಟ್ಟರೆ ಆ ತಕರಾರೂ ಇಲ್ಲ. ಕಾಲುವೆಗಳ ದಡದ ಹಾದಿಗಳಲ್ಲಿ ಇಂದು ಸಾವಿರಾರು ಜನ ಸೈಕಲ್ ತುಳಿಯುತ್ತಿರುವುದು ಬಹುಮಟ್ಟಿಗೆ ಇಂಥ ಅನುಮತಿಯ ಬಲದಿಂದ. ಅಲ್ಲಿಯೂ ನಡೆಯುವವರಿಗೇ ಆದ್ಯತೆ.

ಇದಕ್ಕೆ ಅಪವಾದಗಳಿವೆ, ಅವು ಸಣ್ಣವಲ್ಲ. ಸ್ಥಳೀಯ ಮಂಡಳಿ ಉಪವಿಧಿಯ ಮೂಲಕವೋ ಸಂಚಾರ ಆದೇಶದ ಮೂಲಕವೋ ಒಂದು ನಿರ್ದಿಷ್ಟ ಕಾಲುದಾರಿಯಲ್ಲಿ ಸೈಕಲ್ಲನ್ನು ನಿಷೇಧಿಸಿದ್ದರೆ ಅದನ್ನು ಮೀರುವುದು ಅಪರಾಧವೇ. ಉದ್ಯಾನಗಳಿಗೆ ಅವುಗಳದೇ ಉಪವಿಧಿಗಳಿರುತ್ತವೆ. ಸಮಾಜವಿರೋಧಿ ವರ್ತನೆ ತಡೆಯುವ 2014ರ ಕಾಯ್ದೆಯಡಿ, ಪೇಟೆಯ ಬೀದಿಗಳಲ್ಲಿ ಸೈಕಲ್ ಸವಾರಿಯನ್ನು ನಿರ್ಬಂಧಿಸುವ ಆದೇಶಗಳನ್ನು ಹಲವು ಊರುಗಳು ಹೊರಡಿಸಿವೆ, ಅಲ್ಲಿಯ ದಂಡ 50 ಪೌಂಡಿಗಿಂತ ಹೆಚ್ಚಿರಬಹುದು. ಇದಲ್ಲದೆ 1988ರ ರಸ್ತೆ ಸಂಚಾರ ಕಾಯ್ದೆಯ ಪ್ರಕಾರ ಅಪಾಯಕಾರಿ ಸೈಕಲ್ ಸವಾರಿಗೆ 2,500 ಪೌಂಡ್, ಅಜಾಗರೂಕ ಸವಾರಿಗೆ 1,000 ಪೌಂಡ್‌ವರೆಗೆ ದಂಡವಿದ್ದು, ಆ ಕಾಯ್ದೆ ರಸ್ತೆ ಎಂಬ ಪದದಲ್ಲಿ ಎಲ್ಲ ಹೈವೇಗಳನ್ನೂ ಸೇರಿಸಿರುವುದರಿಂದ, ಕಾಲುದಾರಿಯಲ್ಲಿ ಸವಾರಿ ಮಾಡುವುದು ತಾನಾಗಿ ಅಪರಾಧವಲ್ಲದಿದ್ದರೂ ಅಲ್ಲಿ ಅಜಾಗರೂಕವಾಗಿ ಸವಾರಿ ಮಾಡುವುದು ಅಪರಾಧವಾಗುತ್ತದೆ.

ಹಳ್ಳಿಗಾಡಿನಲ್ಲಿ ಸೈಕಲ್ಲಿಗೆ ಹಕ್ಕಾಗಿಯೇ ತೆರೆದಿರುವ ದಾರಿಗಳು ಬೇರೆ ಇವೆ. ಕುದುರೆ ಸವಾರರಿಗೆಂದು ಇದ್ದ ಬ್ರೈಡಲ್‌ವೇಗಳಲ್ಲಿ ಸೈಕಲ್ ತುಳಿಯುವ ಹಕ್ಕನ್ನು 1968ರ ಗ್ರಾಮಾಂತರ ಪ್ರದೇಶ ಕಾಯ್ದೆಯ 30ನೇ ಸೆಕ್ಷನ್ ಕೊಟ್ಟಿತು, ನಡೆಯುವವರಿಗೂ ಕುದುರೆಯ ಮೇಲಿರುವವರಿಗೂ ದಾರಿ ಬಿಡಬೇಕೆಂಬ ಷರತ್ತಿನೊಡನೆ. ಬೇಲಿ ದಾಟುವಲ್ಲಿ ನೆಟ್ಟ ಕಂಬದ ಮೇಲೆ ಹಳದಿ ಬಾಣವಿದ್ದರೆ ಅದು ಕಾಲುದಾರಿ, ನೀಲಿ ಬಾಣವಿದ್ದರೆ ಬ್ರೈಡಲ್‌ವೇ. ಹಾದಿ ನೋಡಲು ಒಂದೇ ಬಗೆಯಾಗಿದ್ದರೂ ಬಾಣದ ಬಣ್ಣ ಬದಲಾದೊಡನೆ ಹಕ್ಕು ಬದಲಾಗುತ್ತದೆ. ಸ್ಕಾಟ್ಲೆಂಡಿನ ಕಥೆಯೇ ಬೇರೆ: 2003ರ ಭೂ ಸುಧಾರಣಾ ಕಾಯ್ದೆ ಅಲ್ಲಿ ಬಹುತೇಕ ನೆಲದ ಮೇಲೆ ಹೊಣೆಯರಿತು ಓಡಾಡುವ ಹಕ್ಕನ್ನು ಸೈಕಲ್ಲಿನವರಿಗೂ ಕೊಟ್ಟಿದೆ; ರಸ್ತೆಬದಿಯ ಪೇವ್‌ಮೆಂಟ್ ಮಾತ್ರ 1984ರ ರಸ್ತೆ ಕಾಯ್ದೆಯಂತೆ ಅಲ್ಲಿಯೂ ನಿಷಿದ್ಧ.

ಪೇಟೆಗೆ ಮರಳಿದರೆ, ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಹಂಚಿಕೆಯ ದಾರಿಗಳು. ಮಂಡಳಿಯು ಒಂದು ಫುಟ್‌ವೇಯನ್ನು ಕಾನೂನಿನ ಕ್ರಮದಂತೆ ಸೈಕಲ್ ದಾರಿಯಾಗಿ ಪರಿವರ್ತಿಸಬಹುದು. ಆಗ ಅದು ನೋಡಲು ಹಳೆಯ ಪೇವ್‌ಮೆಂಟಿನಂತೆಯೇ ಇದ್ದರೂ 72ನೇ ಸೆಕ್ಷನ್ನಿನ ಹಿಡಿತದಿಂದ ಹೊರಗೆ ಬರುತ್ತದೆ. ನೀಲಿ ವೃತ್ತದಲ್ಲಿ ಬಿಳಿಯ ಪಾದಚಾರಿಯೂ ಸೈಕಲ್ಲೂ ಇರುವ ಫಲಕ ಇದರ ಗುರುತು. ಅವೆರಡರ ನಡುವೆ ಲಂಬವಾದ ಗೆರೆಯಿದ್ದರೆ ಒಂದು ಬದಿ ನಡೆಯುವವರಿಗೆ, ಇನ್ನೊಂದು ಸೈಕಲ್ಲಿಗೆ. ಕಣ್ಣು ಕಾಣದವರಿಗಾಗಿ ನೆಲದಲ್ಲಿ ಉಬ್ಬು ಪಟ್ಟಿಗಳ ಹಾಸು ಇರುತ್ತದೆ: ನಡೆಯುವವರ ಬದಿಯಲ್ಲಿ ಪಟ್ಟಿಗಳು ಏಣಿಯ ಮೆಟ್ಟಿಲಿನಂತೆ ಅಡ್ಡಕ್ಕೆ, ಸೈಕಲ್ಲಿನ ಬದಿಯಲ್ಲಿ ಸಾಗುವ ದಿಕ್ಕಿಗೆ ಉದ್ದಕ್ಕೆ. ಇದಕ್ಕೆ ವಿರುದ್ಧವಾದ ಫಲಕ ಕೆಂಪು ಅಂಚಿನ ಬಿಳಿ ವೃತ್ತದಲ್ಲಿ ಒಂದು ಸೈಕಲ್. ಅದರ ಮೇಲೆ ಅಡ್ಡಗೆರೆ ಇರುವುದಿಲ್ಲ. ಹೊಸಬರು ಅದನ್ನು ಸೈಕಲ್ಲಿಗೆ ಸ್ವಾಗತವೆಂದು ಓದಿಕೊಳ್ಳುವುದು ಸಾಧ್ಯ. ನಿಜದಲ್ಲಿ ಅದು ಪೂರ್ಣ ನಿಷೇಧ.

ಫಲಕವೇ ಇಲ್ಲದೆ ಹೋದರೆ ಏನಾಗುತ್ತದೆಂಬುದಕ್ಕೆ ಕೇಂಬ್ರಿಜ್‌ಶೈರಿನ ಹಂಟಿಂಗ್‌ಡನ್ ಪಟ್ಟಣದ ದುರಂತವೊಂದು ಸಾಕ್ಷಿಯಾಗಿದೆ. 2020ರ ಅಕ್ಟೋಬರಿನಲ್ಲಿ, ಪೇವ್‌ಮೆಂಟ್ ಮೇಲೆ ಎದುರಿನಿಂದ ಸೈಕಲ್ ತುಳಿದು ಬರುತ್ತಿದ್ದ 77 ವರ್ಷದ ಮಹಿಳೆಯನ್ನು ಕಂಡು, ಅಂಗವೈಕಲ್ಯವೂ ದೃಷ್ಟಿದೋಷವೂ ಇದ್ದ ಪಾದಚಾರಿ ಮಹಿಳೆಯೊಬ್ಬರು ಕೂಗಿ ಕೈಬೀಸಿದರು. ಸೈಕಲ್ಲಿನಲ್ಲಿದ್ದವರು ರಸ್ತೆಗೆ ಬಿದ್ದು ಕಾರಿನಡಿ ಸಿಲುಕಿ ತೀರಿಕೊಂಡರು. ಪಾದಚಾರಿಗೆ 2023ರಲ್ಲಿ ನರಹತ್ಯೆಯ ಅಪರಾಧಕ್ಕಾಗಿ ಮೂರು ವರ್ಷಗಳ ಸೆರೆಯಾಯಿತು. 2024ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಗೊಳಿಸಿತು; ನರಹತ್ಯೆಗೆ ಆಧಾರವಾಗಬೇಕಿದ್ದ ಮೂಲ ಅಪರಾಧ ಯಾವುದೆಂಬುದನ್ನೇ ಜ್ಯೂರಿಗೆ ಸರಿಯಾಗಿ ಹೇಳಿರಲಿಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದುದು ಇಷ್ಟು: ಆ ದಾರಿ ಹಂಚಿಕೆಯದೋ ಅಲ್ಲವೋ ಎಂಬುದನ್ನು ವಿಚಾರಣೆಯಲ್ಲಿ ಖಚಿತವಾಗಿ ಹೇಳಲು ಪೊಲೀಸರಿಗೂ ಆಗಲಿಲ್ಲ, ಮಂಡಳಿಗೂ ಆಗಲಿಲ್ಲ. ದಾರಿಯ ಒಡೆಯರಿಗೇ ತಿಳಿಯದ ಸ್ಥಿತಿಯಲ್ಲಿ ಇಬ್ಬರು ಮಹಿಳೆಯರು, ಬಹುಶಃ ಇಬ್ಬರೂ ತಮಗೇ ಹಕ್ಕಿದೆಯೆಂದು ನಂಬಿ, ಮುಖಾಮುಖಿಯಾಗಿದ್ದರು. ಒಂದು ಫಲಕದ ಬೆಲೆ ಎಷ್ಟೆಂಬುದನ್ನು ಮಂಡಳಿಗಳು ಇಲ್ಲಿಂದ ಕಲಿಯಬೇಕು. ಸೈಕಲ್ ಸೌಕರ್ಯಗಳ ವಿನ್ಯಾಸಕ್ಕೆಂದು ಸರ್ಕಾರ 2020ರ ಜುಲೈನಲ್ಲಿ ಹೊರಡಿಸಿದ ಮಾರ್ಗದರ್ಶಿಯೂ, ಪೇಟೆಯ ಬೀದಿಗಳಲ್ಲಿ ಸೈಕಲ್ಲನ್ನು ವಾಹನವೆಂದೇ ಭಾವಿಸಬೇಕು, ಪಾದಚಾರಿಯೆಂದಲ್ಲ, ಅದನ್ನು ಜನರ ನಡುವೆ ದೂಡುವ ಬದಲು ಪ್ರತ್ಯೇಕ ದಾರಿ ಕೊಡಬೇಕು ಎನ್ನುತ್ತದೆ.

ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುವವರು ಏನಾಗುತ್ತಾರೆ? ಜೀಬ್ರಾ ದಾಟಿನಲ್ಲಿ ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದವರು ಪಾದಚಾರಿಯೇ ಎಂದು 1980ರ ಕ್ರ್ಯಾಂಕ್ ವಿರುದ್ಧ ಬ್ರೂಕ್ಸ್ ಮೊಕದ್ದಮೆಯಲ್ಲಿ ನ್ಯಾಯಾಲಯ ಹೇಳಿದೆ. ಪೇವ್‌ಮೆಂಟ್ ಮೇಲೆ ಹಾಗೆ ತಳ್ಳಿಕೊಂಡು ಹೋಗುವವರನ್ನು ಯಾರೂ ತಡೆಯುವುದಿಲ್ಲ. ಆದರೆ ಇಳಿದು ತಳ್ಳುವುದು ಎಲ್ಲರಿಗೂ ಸಾಧ್ಯವಿಲ್ಲ. ನಾಲ್ಕು ಹೆಜ್ಜೆ ನಡೆಯಲಾರದ, ಆದರೆ ಮೂರು ಚಕ್ರದ ಸೈಕಲ್ಲನ್ನು ಆರಾಮವಾಗಿ ತುಳಿಯಬಲ್ಲ ಅಂಗವಿಕಲರಿದ್ದಾರೆ. ಮೋಟಾರು ಗಾಲಿಕುರ್ಚಿಗೆ ಗಂಟೆಗೆ ನಾಲ್ಕು ಮೈಲಿ ವೇಗದಲ್ಲಿ ಪೇವ್‌ಮೆಂಟ್ ಬಳಸಲು ಕಾನೂನು ಅವಕಾಶ ಕೊಡುತ್ತದೆ. ಅದೇ ಕೆಲಸವನ್ನು ಮಾಡುವ ಸೈಕಲ್ ಅದರ ಕಣ್ಣಿಗೆ ಸೈಕಲ್ಲೇ. ಈ ಅನ್ಯಾಯವನ್ನು ತಿದ್ದಲು ಹೊಸ ರಸ್ತೆಗಳು ಬೇಕಾಗಿಲ್ಲ, ಶಾಸನದಲ್ಲಿ ಒಂದು ಸಾಲು ಸಾಕು.

ಆಹಾರದ ಪೊಟ್ಟಣ ತಲುಪಿಸುತ್ತ ಖರ್ಚು ನಿಭಾಯಿಸುವ ವಿದ್ಯಾರ್ಥಿಗಳು ಇನ್ನೊಂದು ವಿಷಯವನ್ನು ಗಮನಿಸಬೇಕು. ಪೆಡಲ್ ಇದ್ದು, ಮೋಟಾರಿನ ಶಕ್ತಿ 250 ವಾಟ್ ಮೀರದೆ, ಗಂಟೆಗೆ 15.5 ಮೈಲಿಯಲ್ಲಿ ಮೋಟಾರಿನ ನೆರವು ನಿಲ್ಲುವ ವಿದ್ಯುತ್ ಸೈಕಲ್ಲನ್ನು ಹದಿನಾಲ್ಕು ತುಂಬಿದವರು ಲೈಸೆನ್ಸ್ ಇಲ್ಲದೆ ಓಡಿಸಬಹುದು, ಸಾಮಾನ್ಯ ಸೈಕಲ್ಲಿನ ನಿಯಮಗಳೇ ಅದಕ್ಕೂ ಅನ್ವಯಿಸುತ್ತವೆ. ಅಗ್ಗದ ಕಿಟ್ ಹಾಕಿಸಿ ಈ ಮಿತಿ ದಾಟಿಸಿದ ಗಾಡಿ ಕಾನೂನಿನ ಪ್ರಕಾರ ಮೋಟಾರು ವಾಹನ. ಅದಕ್ಕೆ ನೋಂದಣಿ, ವಿಮೆ, ಲೈಸೆನ್ಸ್ ಎಲ್ಲವೂ ಬೇಕು. ಇಲ್ಲದಿದ್ದರೆ ಪೊಲೀಸರು ಗಾಡಿಯನ್ನೇ ವಶಪಡಿಸಿಕೊಳ್ಳಬಹುದು. ಪೇವ್‌ಮೆಂಟ್ ಮೇಲೆ ಸಿಕ್ಕಿಬಿದ್ದ ಅಂಥ ಸವಾರನಿಗೆ 50 ಪೌಂಡಿನ ನೋಟಿಸ್ ಅತಿ ಚಿಕ್ಕ ಚಿಂತೆಯಾಗುತ್ತದೆ.

ಮೋಟಾರಿನ ಈ ಗೆರೆ ನಮಗೂ ಪರಿಚಿತವೇ. ಭಾರತದ 1988ರ ಮೋಟಾರು ವಾಹನಗಳ ಕಾಯ್ದೆ ಯಂತ್ರಶಕ್ತಿಯಿಂದ ಚಲಿಸುವ ವಾಹನಗಳಿಗೆ ಸಂಬಂಧಿಸಿದ್ದು, ಕಾಲಿನಿಂದ ತುಳಿಯುವ ಸೈಕಲ್ ಅದರ ವ್ಯಾಖ್ಯೆಯ ಹೊರಗಿದೆ. ಫುಟ್‌ಪಾತ್ ಹತ್ತುವ ಸೈಕಲ್ಲಿನ ಹತೋಟಿ ಆದ್ದರಿಂದ ರಾಜ್ಯಗಳ ಪೊಲೀಸ್ ಕಾಯ್ದೆಗಳ ಪಾಲಿಗೆ ಬರುತ್ತದೆ. ಮಹಾರಾಷ್ಟ್ರದಲ್ಲಿ ಜಾರಿಯಲ್ಲಿರುವ 1951ರ ಪೊಲೀಸ್ ಕಾಯ್ದೆಯ 103ನೇ ಸೆಕ್ಷನ್, ಮಗುವಿನ ತಳ್ಳುಗಾಡಿಯ ಹೊರತು ಬೇರಾವ ವಾಹನವನ್ನಾಗಲಿ ಪ್ರಾಣಿಯನ್ನಾಗಲಿ ಪಾದಚಾರಿ ದಾರಿಯ ಮೇಲೆ ಓಡಿಸಕೂಡದು, ನಡೆಸಕೂಡದು, ಬಿಡಕೂಡದು ಎನ್ನುತ್ತದೆ. ಓದುವಾಗ 1835ರ ಲಂಡನ್ನಿನ ಶಾಸನಕರ್ತರ ದನಿ ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಬೆಂಗಳೂರಿನಲ್ಲಿ ನಡೆಯುವವರ ನಿಜವಾದ ಸಂಕಟ ಸೈಕಲ್ಲಿನಿಂದ ಬಂದದ್ದಲ್ಲ, ಸಿಗ್ನಲ್ ತಪ್ಪಿಸಲು ಫುಟ್‌ಪಾತ್ ಏರುವ ಮೋಟಾರು ಬೈಕುಗಳಿಂದ ಬಂದದ್ದು. ಸುಸ್ಥಿತಿಯ ಫುಟ್‌ಪಾತನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದ್ದು ಈ ಹಿನ್ನೆಲೆಯಲ್ಲಿ ಬಹಳ ತೂಕದ ಮಾತು.

ಕೊನೆಗೆ ಉಳಿಯುವುದು ಮಕ್ಕಳ ಪ್ರಶ್ನೆ. ಇಂಗ್ಲೆಂಡಿಗೆ ಹೋಗಿ ನೆಲೆಸಿದ ತಂದೆತಾಯಿಯರಿಗೆ ಎಲ್ಲಕ್ಕಿಂತ ಮೊದಲು ಎದುರಾಗುವುದೂ ಅದೇ. ಚಿಕ್ಕ ಮಕ್ಕಳು ಪೇವ್‌ಮೆಂಟ್ ಮೇಲೆ ಸೈಕಲ್ ತುಳಿಯಬಹುದೆಂದು ಕಾನೂನಿನಲ್ಲಿ ಬರೆದಿದೆ ಎಂದು ಅಲ್ಲಿ ಬಹುತೇಕ ಎಲ್ಲರೂ ನಂಬಿದ್ದಾರೆ. ಹಾಗೆ ಎಲ್ಲಿಯೂ ಬರೆದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಅಪರಾಧದ ಹೊಣೆ ಹೊರುವ ವಯಸ್ಸು ಹತ್ತು. ಅದಕ್ಕಿಂತ ಚಿಕ್ಕ ಮಗು ಯಾವ ಅಪರಾಧಕ್ಕೂ ಗುರಿಯಾಗಲಾರದು, ಆದ್ದರಿಂದ ಇದಕ್ಕೂ ಗುರಿಯಾಗಲಾರದು. ಇದು ಮಗುವಿಗೆ ಕೊಟ್ಟ ಹಕ್ಕಲ್ಲ, ಮಗುವಿನ ವಿರುದ್ಧ ಹೂಡಲಾಗದ ಮೊಕದ್ದಮೆ. ಮಗುವಿನ ಹಿಂದೆಯೇ ಪೇವ್‌ಮೆಂಟ್ ಮೇಲೆ ಸೈಕಲ್ ತುಳಿಯುವ ತಾಯಿಗೆ ಆ ರಕ್ಷಣೆಯೂ ಇಲ್ಲ. ಜರ್ಮನಿಯ ಸಂಚಾರ ನಿಯಮ ಇದನ್ನು ಎದುರಿಸಿ ಬರೆದುಕೊಂಡಿದೆ: ಎಂಟು ತುಂಬುವವರೆಗೆ ಮಗು ಪಾದಚಾರಿ ದಾರಿಯನ್ನೇ ಬಳಸಬೇಕು, ಹತ್ತು ತುಂಬುವವರೆಗೆ ಬಳಸಬಹುದು, ಚಿಕ್ಕ ಮಗುವಿನ ಜೊತೆಗೆ ಹದಿನಾರು ದಾಟಿದ ಒಬ್ಬರು ಅಲ್ಲಿಯೇ ಸೈಕಲ್ ತುಳಿಯಬಹುದು. ಜಪಾನಿನಲ್ಲಿ ಹದಿಮೂರರೊಳಗಿನವರಿಗೂ ಎಪ್ಪತ್ತು ದಾಟಿದವರಿಗೂ ಅವಕಾಶವಿದೆ. ಇಂಗ್ಲೆಂಡ್ ಮಾತ್ರ ಇದನ್ನು ಪೊಲೀಸರ ಒಳ್ಳೆಯತನಕ್ಕೆ ಬಿಟ್ಟಿದೆ. ಸ್ಥಳದ ದಂಡದ ನೋಟಿಸನ್ನು ಹದಿನಾರರ ಕೆಳಗಿನವರಿಗೆ ಕೊಡುವುದಿಲ್ಲ, ಹತ್ತರ ಮಗುವಿನ ಮೇಲೆ ಮೊಕದ್ದಮೆ ಹೂಡುವ ಅಧಿಕಾರಿ ಸಿಗುವುದೂ ದುರ್ಲಭ. ಆದರೂ ಹತ್ತನೆಯ ಹುಟ್ಟುಹಬ್ಬದ ಬೆಳಿಗ್ಗೆ, ನಿನ್ನೆ ಹೋದ ಅದೇ ದಾರಿಯಲ್ಲಿ, ಅದೇ ಸೈಕಲ್ ತುಳಿದು ಶಾಲೆಗೆ ಹೊರಟ ಮಗು 1835ರ ಕಾಯ್ದೆಯನ್ನು ಮೀರಿರುತ್ತದೆ.